ಸಾಕ್ಷಿ ಕೇಳುವ ಕಾಯಿಲೆ

ಪಾರ್ಕಿನ್ಸನ್ ಕಾಯಿಲೆ ಎಂದರೆ ನಮ್ಮ ಜನಕ್ಕೆ ಗೊತ್ತಿರುವುದು ಇಷ್ಟು: ಕೈ ನಡುಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ದನಿ ಇಳಿಯುತ್ತದೆ, ಮುಖದ ಮೇಲೆ ನಗುವೂ ಅಳುವೂ ಮೂಡದಂತಾಗುತ್ತದೆ. ತಲೆಗೆ ಮಾತ್ರ ಏನೂ ಆಗಿರುವುದಿಲ್ಲ. ‘ದೇಹ ಸೋತರೂ ಬುದ್ಧಿ ನೆಟ್ಟಗಿದೆಯಲ್ಲ, ಅದೇ ಪುಣ್ಯ’ ಎಂದು ಬಂಧುಗಳು ಸಮಾಧಾನ ಹೇಳಿ ಹೋಗುತ್ತಾರೆ. ಈ ನಂಬಿಕೆ ಇಂದು ನಿನ್ನೆಯದಲ್ಲ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ಮೊದಲ ಸಲ ಕ್ರಮವಾಗಿ ವರ್ಣಿಸಿದಾಗಲೇ, ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಧಕ್ಕೆಯಿಲ್ಲವೆಂದು ಬರೆದಿದ್ದ. ಆ ಪುಸ್ತಿಕೆಯಲ್ಲಿ ಅವನು ವರ್ಣಿಸಿದ್ದು ಆರು ಮಂದಿಯನ್ನು. ಅವರಲ್ಲಿ ಕೆಲವರನ್ನು ಕಂಡದ್ದು ಬೀದಿಯಲ್ಲಿ. ಬೀದಿಯಲ್ಲಿ ಹೋಗುವವನ ನಡಿಗೆ ಕಣ್ಣಿಗೆ ಬೀಳುತ್ತದೆ. ರಾತ್ರಿ ಬಾಗಿಲು ಹಾಕಿಕೊಂಡ ಮೇಲೆ ಅವನು ಹೆಂಡತಿಗೆ ಏನು ಹೇಳುತ್ತಾನೆಂಬುದು ಬೀಳುವುದಿಲ್ಲ.

ಆ ರಾತ್ರಿಯ ಮಾತಿನ ಬಗ್ಗೆ ಬರೆಯಬೇಕಾಗಿದೆ. ಪಾರ್ಕಿನ್ಸನ್ ಬಂದು ಕೆಲವು ವರ್ಷಗಳಾದ ಮೇಲೆ, ಔಷಧಿಗೆ ಒಗ್ಗಿಕೊಂಡು ಮನೆಯಲ್ಲಿ ಒಂದು ಕ್ರಮ ಏರ್ಪಟ್ಟ ಮೇಲೆ, ಕೆಲವು ರೋಗಿಗಳು ತಮ್ಮ ಬಾಳಸಂಗಾತಿಯ ಮೇಲೆ ಸಂಶಯಪಡಲು ತೊಡಗುತ್ತಾರೆ. ಹಾಲಿನವನ ಜೊತೆ ಅಷ್ಟು ಹೊತ್ತು ಏನು ಮಾತು? ಫಿಸಿಯೋಥೆರಪಿಗೆ ಬರುವ ಹುಡುಗ ನನ್ನ ಕಾಲು ನೋಡಲು ಬರುತ್ತಾನೋ ನಿನ್ನನ್ನು ನೋಡಲು ಬರುತ್ತಾನೋ? ಬ್ಯಾಂಕಿಗೆ ಹೋಗಿ ಬರಲು ಒಂದೂವರೆ ಗಂಟೆ ಯಾಕೆ ಬೇಕಾಯಿತು? ಮೊದಮೊದಲು ಪ್ರಶ್ನೆಯಾಗಿ ಬಂದದ್ದು ಆಮೇಲೆ ತೀರ್ಪಾಗುತ್ತದೆ. ಫೋನು ತಡಕುವುದು, ಸೀರೆ ಮೂಸಿ ನೋಡುವುದು, ಅರ್ಧರಾತ್ರಿ ಎದ್ದು ಅಡುಗೆಮನೆಯ ಚಿಲಕ ಪರೀಕ್ಷಿಸುವುದು ನಡೆಯುತ್ತದೆ. ಎದುರಿಗೆ ಇರುವವಳು ನಲವತ್ತು ವರ್ಷ ಜೊತೆಯಲ್ಲಿ ಬಾಳಿದವಳು, ಈಗ ಅವನಿಗೆ ಅಂಗಿಯ ಗುಂಡಿ ಹಾಕಿ, ಊಟ ಮಾಡಿಸಿ, ಶೌಚಕ್ಕೆ ಕರೆದೊಯ್ಯುವವಳು.

ಇಂಥ ಸುದ್ದಿ ಮನೆಯಿಂದ ಹೊರಗೆ ಬಿದ್ದಾಗ ನಮ್ಮ ಸಮಾಜದಲ್ಲಿ ಸಾಮಾನ್ಯವಾಗಿ ಮೂರು ಅಭಿಪ್ರಾಯಗಳು ಕೇಳಿಬರುತ್ತವೆ. ‘ಅವರ ಬುದ್ಧಿ ಮೊದಲಿಂದಲೂ ಹಾಗೇ, ಈಗ ಹೊರಗೆ ಬಂತು’ ಎಂಬುದು ಒಂದು. ‘ಅರವತ್ತಕ್ಕೆ ಅರಳುಮರಳು, ಬಿಟ್ಟುಹಾಕಿ’ ಎಂಬುದು ಮತ್ತೊಂದು. ಮೂರನೆಯದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಒಮ್ಮೆ ಹಾದುಹೋಗುತ್ತದೆ: ಬೆಂಕಿಯಿಲ್ಲದೆ ಹೊಗೆಯಾಡೀತೇ? ಈ ಮೂರೂ ತಪ್ಪು ಎಂಬುದು ನನ್ನ ವಾದ. ಮೊದಲನೆಯದು ರೋಗಿಗೆ ಮಾಡುವ ಅನ್ಯಾಯ, ಎರಡನೆಯದು ಚಿಕಿತ್ಸೆಯನ್ನೇ ತಪ್ಪಿಸುವ ಉದಾಸೀನ, ಮೂರನೆಯದು ಹೆಂಗಸಿನ ಮೇಲೆ ಮಾಡುವ ಕ್ರೌರ್ಯ. ಪಾರ್ಕಿನ್ಸನ್ ಇರುವವರಲ್ಲಿ ಹುಟ್ಟುವ ಇಂಥ ಸಂಶಯ, ಕೈನಡುಕ ಹೇಗೋ ಹಾಗೆ, ಒಂದು ರೋಗಲಕ್ಷಣ. ಬಹಳ ಸಲ ಅದರ ಬೇರು ಗುಳಿಗೆಯ ಡಬ್ಬಿಯಲ್ಲೇ ಇರುತ್ತದೆ. ಬಹಳ ಸಲ ಅದನ್ನು ಇಳಿಸಲೂ ಆಗುತ್ತದೆ.

‘ಮೊದಲಿಂದಲೂ ಹಾಗೇ’ ಎಂಬ ಮಾತನ್ನು ಮೊದಲು ನೋಡೋಣ. ಇಟಲಿಯ ಸಂಶೋಧಕರು ಸಾಲಾಗಿ 805 ಪಾರ್ಕಿನ್ಸನ್ ರೋಗಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿಗೆ ಈ ಸಂಶಯದ ಭ್ರಮೆ ಇತ್ತು. ನೂರಕ್ಕೆ ಎರಡೂವರೆಯಷ್ಟು. ಸಂಖ್ಯೆ ದೊಡ್ಡದಲ್ಲ, ಹಾಗಾಗಿ ಪಾರ್ಕಿನ್ಸನ್ ಬಂದವರ ಮನೆಯವರೆಲ್ಲ ಹೆದರಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದ್ದು ಬೇರೆ. ಈ 20 ಮಂದಿ ಸ್ವಭಾವದ ನಂಟಿನಿಂದ ಒಂದೆಡೆ ಸೇರಿದವರಲ್ಲ, ಔಷಧಿಯ ನಂಟಿನಿಂದ ಸೇರಿದವರು. ಡೋಪಮೈನ್ ಅಗೊನಿಸ್ಟ್ ಎಂಬ ಗುಂಪಿನ ಮಾತ್ರೆಗಳನ್ನು ನುಂಗುತ್ತಿದ್ದವರಲ್ಲಿ ಭ್ರಮೆ ಎದ್ದು ಕಂಡಿತು. ಪ್ರಮಿಪೆಕ್ಸೋಲ್, ರೋಪಿನಿರೋಲ್ ಈ ಗುಂಪಿನ ಮುಖ್ಯ ಮಾತ್ರೆಗಳು. ನಮ್ಮಲ್ಲೂ ವೈದ್ಯರು ಬರೆದುಕೊಡುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಅದೇ 2012ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಂಶಯದ ಭ್ರಮೆಯಿದ್ದ 105 ಮಂದಿಯ ದಾಖಲೆಗಳಿದ್ದವು. ಅವರಲ್ಲಿ ಸುಮಾರು ಶೇ. 70ರಷ್ಟು ಜನರಿಗೆ ಮಿದುಳಿನ ಅಥವಾ ನರದ ಕಾಯಿಲೆ ಇತ್ತು. ಅಗೊನಿಸ್ಟ್ ಮಾತ್ರೆ ತಗ್ಗಿಸಿದಾಗ ಇಲ್ಲವೇ ನಿಲ್ಲಿಸಿದಾಗ ಸಂಶಯ ಇಳಿದುಹೋದ ಪಾರ್ಕಿನ್ಸನ್ ರೋಗಿಗಳ ಬಗ್ಗೆ ಆ ಸಂಸ್ಥೆಯವರು 2010ರಲ್ಲೇ ಬರೆದಿದ್ದರು. ಸ್ವಭಾವವಾಗಿದ್ದರೆ ಮಾತ್ರೆ ಬಿಟ್ಟ ಕೂಡಲೇ ಹೋಗುತ್ತಿರಲಿಲ್ಲ.

‘ಅರಳುಮರಳು’ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮರೆಗುಳಿ ರೋಗ ತಗುಲಿದ ಪಾರ್ಕಿನ್ಸನ್ ರೋಗಿಗಳಲ್ಲಿ ಈ ಸಂಶಯ ಬರುವುದು ನಿಜ. ಆದರೆ ಮರೆವಿನ ಸುಳಿವೇ ಇಲ್ಲದವರಲ್ಲೂ ಅದು ಬರುತ್ತದೆ ಎಂಬುದನ್ನು ಸಂಶೋಧಕರು 2009ರಲ್ಲೇ ವರದಿ ಮಾಡಿದ್ದರು. ಅಂಥವರಿಗೆ ಲೆಕ್ಕ ತಪ್ಪುವುದಿಲ್ಲ, ಮೊಮ್ಮಕ್ಕಳ ಹುಟ್ಟುಹಬ್ಬ ಮರೆಯುವುದಿಲ್ಲ, ಪತ್ರಿಕೆ ಓದಿ ರಾಜಕೀಯ ಚರ್ಚಿಸುತ್ತಾರೆ. ಮಾತು ಹೆಂಡತಿಯ ಕಡೆಗೆ ತಿರುಗಿದಾಗ ಮಾತ್ರ ಬೇರೆಯೇ ಮನುಷ್ಯರಾಗುತ್ತಾರೆ. ಮನೆಗೆ ಬಂದ ನೆಂಟನಿಗೆ ಕಾಣುವುದು ಆ ಮೊದಲ ಮನುಷ್ಯ. ಹೆಂಡತಿ ಹೇಳಿಕೊಂಡರೆ ನಂಬುವವರು ಕಡಿಮೆಯಾಗುವುದು ಇದೇ ಕಾರಣಕ್ಕೆ. ‘ಇಷ್ಟು ಚೆನ್ನಾಗಿ ಮಾತಾಡ್ತಾರಲ್ಲ, ನೀನೇ ಏನೋ ಅಂದಿರಬೇಕು’ ಎಂದು ಅವಳ ತಾಯಿಮನೆಯವರೇ ಹೇಳಿದರೂ ಆಶ್ಚರ್ಯವಿಲ್ಲ.

ಮಾತ್ರೆ ನುಂಗಿದರೆ ಸಂಶಯ ಹೇಗೆ ಹುಟ್ಟುತ್ತದೆ? ಈ ಕಾಯಿಲೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತವೆ. ಆದರೆ ಕೊರತೆ ಮಿದುಳಿನ ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ. ಚಲನೆಯನ್ನು ನೋಡಿಕೊಳ್ಳುವ ಭಾಗ ಮೊದಲು ಒಣಗುತ್ತದೆ. ಆಸೆ, ಉತ್ಸಾಹ, ಯಾವುದು ಮುಖ್ಯ ಯಾವುದು ಅಮುಖ್ಯ ಎಂಬ ಗುರುತು, ಇವನ್ನು ನೋಡಿಕೊಳ್ಳುವ ಭಾಗ ಬಹಳ ಕಾಲ ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ತುಂಗಭದ್ರೆಯ ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಮುಟ್ಟಲೆಂದು ತೂಬನ್ನು ಪೂರ್ತಿ ಎತ್ತಿದರೆ ಮೇಲ್ಭಾಗದ ಗದ್ದೆಗಳು ಮುಳುಗುವ ಹಾಗೆ, ಕೈಕಾಲಿಗೆ ಸಾಕಾಗುವಷ್ಟು ಕೊಟ್ಟ ಔಷಧಿ ಆಸೆಯ ಭಾಗಕ್ಕೆ ವಿಪರೀತವಾಗುತ್ತದೆ. ಪ್ರಮಿಪೆಕ್ಸೋಲ್‌ನಂಥ ಮಾತ್ರೆಗಳಿಗೆ ಆ ಭಾಗದಲ್ಲೇ ದಟ್ಟವಾಗಿರುವ ಗ್ರಾಹಕಗಳ ಮೇಲೆ ಒಲವು ಹೆಚ್ಚು. ಜೂಜು, ಅತಿಕಾಮ, ಮಿತಿಯಿಲ್ಲದ ಖರೀದಿ, ತಿನ್ನುವ ಚಟ ಇವೆಲ್ಲ ಈ ಮಾತ್ರೆಗಳ ಜೊತೆ ಬರಬಹುದೆಂಬುದು ಈಗ ಪಠ್ಯಪುಸ್ತಕದ ಮಾತು. 2010ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನದಲ್ಲಿ ಅಗೊನಿಸ್ಟ್ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ. 17.1 ಮಂದಿಗೆ, ತೆಗೆದುಕೊಳ್ಳದವರಲ್ಲಿ ಶೇ. 6.9 ಮಂದಿಗೆ ಇಂಥ ತೊಂದರೆ ಕಂಡಿತ್ತು.

ಭ್ರಮೆಗೂ ಡೋಪಮೈನ್ ಅತಿಯಾಗುವುದಕ್ಕೂ ನಂಟು ತೋರಿಸಿಕೊಟ್ಟವರಲ್ಲಿ ಮನೋವೈದ್ಯ ಶಿತಿಜ್ ಕಪೂರ್ ಮುಖ್ಯರು. ಅವರು 2003ರಲ್ಲಿ ಬರೆದ ಪ್ರಬಂಧ ಪಾರ್ಕಿನ್ಸನ್ ಕುರಿತದ್ದಲ್ಲ, ಚಿತ್ತವಿಕಲತೆಯನ್ನು ಕುರಿತದ್ದು. ಆದರೆ ಅದರ ತಿರುಳು ಇಲ್ಲಿಗೂ ಅನ್ವಯಿಸುತ್ತದೆಂದು ನನಗನ್ನಿಸುತ್ತದೆ. ಡೋಪಮೈನ್ ಮಿತಿಮೀರಿದಾಗ ಸುತ್ತಲಿನ ಸಣ್ಣಪುಟ್ಟ ಸಂಗತಿಗಳಿಗೂ ಅರ್ಥದ ಭಾರ ಬರುತ್ತದೆ. ಗೇಟಿನ ಸದ್ದು, ಮಿಸ್ಡ್ ಕಾಲು, ಪಕ್ಕದ ಮನೆಯವನ ಕೆಮ್ಮು ಯಾವುದೂ ಸುಮ್ಮನೆ ನಡೆದದ್ದೆಂದು ತೋರುವುದಿಲ್ಲ. ಎಲ್ಲವೂ ತನಗೇ ಏನನ್ನೋ ಸೂಚಿಸುತ್ತಿದೆ ಎನಿಸುತ್ತದೆ. ಮನಸ್ಸು ಆ ಸೂಚನೆಗಳನ್ನೆಲ್ಲ ಜೋಡಿಸಲು ಒಂದು ಕತೆ ಹುಡುಕುತ್ತದೆ.

ಆ ಕತೆ ದಾಂಪತ್ಯದ ಕಡೆಗೇ ಯಾಕೆ ತಿರುಗುತ್ತದೆ ಎಂಬುದಕ್ಕೆ ಬರಿಯ ರಸಾಯನಶಾಸ್ತ್ರ ಸಾಲದು. ಇಲ್ಲಿ ನಾವು ಸ್ವಲ್ಪ ನಿಧಾನವಾಗಿ ನೋಡಬೇಕು. ಪಾರ್ಕಿನ್ಸನ್ ತಾನೇ ಸಾಕ್ಷ್ಯವನ್ನು ಸೃಷ್ಟಿಸಿಕೊಡುವ ಕಾಯಿಲೆ. ಈ ರೋಗಿಗಳಲ್ಲಿ ಅನೇಕರು ಕನಸಿನಲ್ಲಿ ಕಂಡದ್ದನ್ನು ಮಲಗಿದಲ್ಲೇ ಆಡಿಬಿಡುತ್ತಾರೆ. ಒದೆಯುತ್ತಾರೆ, ಕೂಗುತ್ತಾರೆ, ಪಕ್ಕದಲ್ಲಿದ್ದವರಿಗೆ ಏಟು ಬೀಳುತ್ತದೆ. ಕೈಕಾಲು ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಇದು ಶುರುವಾಗಿರಬಹುದು. ಒದೆತ ತಾಳಲಾರದೆ ಹೆಂಡತಿ ಪಕ್ಕದ ಕೋಣೆಗೆ ಹಾಸಿಗೆ ಬದಲಿಸುತ್ತಾಳೆ. ಅವಳು ಹಾಸಿಗೆ ಬದಲಿಸಿದ್ದು ನಿಜ. ಅದರ ಕಾರಣ ಅವನಿಗೆ ಗೊತ್ತಿಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ಅವನು ನಿದ್ದೆಯಲ್ಲಿದ್ದ. ಇನ್ನು ಮುಸ್ಸಂಜೆಯ ಹೊತ್ತು. ಪಾರ್ಕಿನ್ಸನ್ ಇರುವ ಹಲವರಿಗೆ ಬೆನ್ನ ಹಿಂದೆ ಯಾರೋ ನಿಂತಂತೆ ಅನಿಸುತ್ತದೆ, ಕಣ್ಣಂಚಿನಲ್ಲಿ ಯಾರೋ ಸರಿದುಹೋದಂತೆ ಕಾಣುತ್ತದೆ, ಗೂಟಕ್ಕೆ ನೇತುಹಾಕಿದ ಷರ್ಟು ಗಂಡಸಾಗಿಬಿಡುತ್ತದೆ. 2007ರಲ್ಲಿ ತಜ್ಞರು ಸೇರಿ ಈ ಕಾಯಿಲೆಯ ಮನೋವಿಕಾರಗಳನ್ನು ಗುರುತಿಸುವ ಮಾನದಂಡ ರೂಪಿಸಿದಾಗ, ಯಾರೋ ಇರುವಂತೆ ಅನಿಸುವ ಈ ಅನುಭವಕ್ಕೂ ಅದರಲ್ಲಿ ಜಾಗ ಕೊಟ್ಟರು. ಮನೆಯಲ್ಲಿ ಒಬ್ಬ ಅಪರಿಚಿತ ಇದ್ದಾನೆ, ತನ್ನನ್ನು ಕಂಡೊಡನೆ ಮರೆಯಾಗುತ್ತಾನೆ. ಹಾಗಾದರೆ ಅವನು ಯಾರಿಗಾಗಿ ಬಂದವನು?

ದೇಹದ ಸಂಗತಿಯೂ ಇದೆ, ಅದನ್ನು ನಾವು ಬರೆಯುವುದೇ ಇಲ್ಲ. ಈ ಕಾಯಿಲೆಯಲ್ಲಿ ಲೈಂಗಿಕ ಶಕ್ತಿ ಕುಂದುವುದು ಸಾಮಾನ್ಯ. ಮಾತ್ರೆಯಿಂದ ಆಸೆ ಏರುವುದೂ ಉಂಟು. ಎರಡೂ ಒಬ್ಬನಲ್ಲೇ ಸೇರಿದಾಗ ಅವನ ಸ್ಥಿತಿ ಏನಾಗಬೇಡ! ಅರವತ್ತೈದು ದಾಟಿದ ಹೆಂಡತಿ, ಹಗಲೆಲ್ಲ ಅವನನ್ನು ಎತ್ತಿ ಕೂರಿಸಿ ದಣಿದವಳು, ರಾತ್ರಿ ಬೇಡವೆನ್ನುತ್ತಾಳೆ. ಆ ‘ಬೇಡ’ಕ್ಕೆ ಅವನು ಕಂಡುಕೊಳ್ಳುವ ಅರ್ಥ ಒಂದೇ. ಅದರ ಮೇಲೆ, ಬೇರೆಯವರ ಮುಖಭಾವವನ್ನು ಓದುವ ಶಕ್ತಿಯೂ ಈ ಕಾಯಿಲೆಯಲ್ಲಿ ಮಂಕಾಗುತ್ತದೆ. ಅವಳ ದಣಿವು ಅವನಿಗೆ ತಿರಸ್ಕಾರವಾಗಿ ಕಾಣಬಹುದು. ಅವನ ಮುಖವೂ ಬಿಗಿದುಕೊಂಡಿರುವುದರಿಂದ ಅವನೊಳಗಿನ ನೋವು ಅವಳಿಗೆ ಕಾಣುವುದಿಲ್ಲ. ಹಿಂದೆಲ್ಲ ಅವನೇ ಮಾಡುತ್ತಿದ್ದ ಬ್ಯಾಂಕು, ಕರೆಂಟ್ ಬಿಲ್ಲು, ಔಷಧಿ ಅಂಗಡಿಯ ಓಡಾಟವೆಲ್ಲ ಈಗ ಅವಳದು. ಅವಳ ಲೋಕ ಹಿಗ್ಗಿದೆ, ಅವನದು ಮಂಚದಷ್ಟಕ್ಕೆ ಕುಗ್ಗಿದೆ. ಇಷ್ಟೆಲ್ಲ ಸಾಮಗ್ರಿ ಇರುವಾಗ ಮನಸ್ಸು ಕಟ್ಟುವ ಕತೆ ಯಾವುದಿರುತ್ತದೆಂದು ಹೇಳಬೇಕಾಗಿಲ್ಲ. ರೋಗಿಯನ್ನು ದುಷ್ಟನೆಂದು ಕರೆಯುವವರು ಈ ಸಾಮಗ್ರಿಯನ್ನು ಒಮ್ಮೆಯಾದರೂ ಅವನ ಜಾಗದಲ್ಲಿ ಕುಳಿತು ನೋಡಬೇಕು.

ವೈದ್ಯಕೀಯವೂ ಇಲ್ಲಿ ಒಂದು ತಪ್ಪು ಮಾಡಿತು ಎಂಬುದು ನನ್ನ ಅಭಿಪ್ರಾಯ. ಜಾನ್ ಟಾಡ್ ಮತ್ತು ಕೆನೆತ್ ಡ್ಯೂಹರ್ಸ್ಟ್ ಎಂಬ ಇಬ್ಬರು ವೈದ್ಯರು 1955ರಲ್ಲಿ ಇಂಥ ಸಂಶಯಕ್ಕೆ ಒಥೆಲ್ಲೋನ ಹೆಸರಿಟ್ಟರು; ಇಂದಿಗೂ ಅದೇ ಹೆಸರು ನಡೆದುಬಂದಿದೆ. ಷೇಕ್ಸ್‌ಪಿಯರ್‌ನ ಆ ನಾಟಕ ಕನ್ನಡಿಗರಿಗೆ ಹಳೆಯ ಪರಿಚಯ. ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ ಅದರದೇ ರೂಪಾಂತರ. ಆದರೆ ಒಥೆಲ್ಲೋಗೆ ಭ್ರಮೆಯಿರಲಿಲ್ಲ. ಅವನು ಮೋಸಹೋದ. ಪಕ್ಕದಲ್ಲಿ ಚಾಡಿಕೋರ ಇಯಾಗೋ ಇದ್ದ, ಕರವಸ್ತ್ರವೆಂಬ ಸಾಕ್ಷ್ಯವನ್ನು ಹೆಣೆದಿದ್ದ. ಸತ್ಯ ತಿಳಿದ ಕ್ಷಣದಲ್ಲಿ ಒಥೆಲ್ಲೋನ ಸಂಶಯ ಕುಸಿದುಬೀಳುತ್ತದೆ. ಪಾರ್ಕಿನ್ಸನ್ ರೋಗಿಯ ಪಕ್ಕದಲ್ಲಿ ಚಾಡಿ ಹೇಳುವವರಿಲ್ಲ. ಸತ್ಯ ತಿಳಿಸಿದರೆ ಅವನ ಸಂಶಯ ಇಳಿಯುವುದೂ ಇಲ್ಲ. ಹೀಗಿದ್ದೂ ಆ ನಾಟಕದ ಚೌಕಟ್ಟು ನಮ್ಮೆಲ್ಲರ ತಲೆಯಲ್ಲಿ ಕುಳಿತಿದೆ. ಯಾರು ಇವರ ಕಿವಿ ಕಚ್ಚಿದರು ಎಂದು ಹುಡುಕುತ್ತೇವೆ, ಸೊಸೆಯ ಮೇಲೋ ನಾದಿನಿಯ ಮೇಲೋ ಅನುಮಾನಪಡುತ್ತೇವೆ, ನಿಜಾಂಶ ಬಯಲಾದರೆ ಎಲ್ಲ ಸರಿಹೋದೀತೆಂದು ಕಾಯುತ್ತೇವೆ.

ನಿಜಾಂಶ ಬಯಲುಮಾಡುವ ಈ ಪ್ರಯತ್ನವೇ ಮನೆಯನ್ನು ಒಡೆಯುವುದು. ಜರ್ಮನ್ ಮನೋವೈದ್ಯ, ಮುಂದೆ ದಾರ್ಶನಿಕನಾದ ಕಾರ್ಲ್ ಯಾಸ್ಪರ್ಸ್ 1910ರಲ್ಲೇ ಸಂಶಯದ ಭ್ರಮೆಯನ್ನು ಕುರಿತು ದೀರ್ಘವಾಗಿ ಬರೆದಿದ್ದ. ಅಂದಿನಿಂದ ಮನೋವೈದ್ಯರು ಒಪ್ಪಿಕೊಂಡು ಬಂದ ಒಂದು ವಿಚಾರ ನಮ್ಮ ಮನೆಗಳಿಗೆ ಇನ್ನೂ ತಲುಪಿಲ್ಲ. ಒಂದು ನಂಬಿಕೆ ಭ್ರಮೆಯೋ ಅಲ್ಲವೋ ಎಂಬುದು ಆ ವಿಷಯ ಸತ್ಯವೋ ಸುಳ್ಳೋ ಎಂಬುದರಿಂದ ಮಾತ್ರ ನಿರ್ಧಾರವಾಗುವುದಿಲ್ಲ. ನಂಬುವವನು ಅದಕ್ಕೆ ಹೇಗೆ ಬಂದ, ಹೇಗೆ ಅಂಟಿಕೊಂಡಿದ್ದಾನೆ, ಯಾವ ವಿವರಣೆಯೂ ಅದನ್ನು ಕದಲಿಸಲಾರದೇ ಎಂಬುದರಿಂದ ನಿರ್ಧಾರವಾಗುತ್ತದೆ. ಹಾಗಾಗಿ ಮಕ್ಕಳು ಗುಟ್ಟಾಗಿ ಅಮ್ಮನ ಫೋನು ಪರಿಶೀಲಿಸಿ ‘ಏನೂ ಇಲ್ಲ’ ಎಂದು ಖಚಿತಪಡಿಸಿಕೊಳ್ಳುವುದರಿಂದ ಅಪ್ಪನ ಚಿಕಿತ್ಸೆ ಒಂದು ಅಂಗುಲವೂ ಮುಂದೆ ಹೋಗುವುದಿಲ್ಲ. ಅಮ್ಮ ಮಾತ್ರ ತನ್ನ ಮಕ್ಕಳ ಮುಂದೆಯೂ ಆರೋಪಿಯಾಗುತ್ತಾಳೆ.

ನಮ್ಮಲ್ಲಿ ಇದಕ್ಕೆ ಆಣೆಯ ದಾರಿಯೂ ಇದೆ. ‘ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಮಾಡು’ ಎಂಬುದು ಕೊನೆಯ ಮಾತು. ಆಣೆಯ ಮೇಲೆ ಜನ ಇಟ್ಟಿರುವ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಷ್ಟೋ ಜಗಳಗಳು ಅದರಿಂದ ತೀರಿವೆ. ಆದರೆ ಅದು ಆರೋಗ್ಯವಂತ ಮನಸ್ಸುಗಳ ನಡುವಿನ ವ್ಯಾಜ್ಯಕ್ಕೆ ಸಲ್ಲುವ ಕ್ರಮ. ಭ್ರಮೆಗೆ ಒಳಗಾದವನಿಗೆ ಆಣೆಯೂ ಹೊಸ ಸಾಕ್ಷ್ಯವೇ: ‘ದೇವರ ಮುಂದೆಯೂ ಸುಳ್ಳು ಹೇಳಿದಳು.’ ಸೀತೆ ಬೆಂಕಿಯಿಂದ ಎದ್ದುಬಂದ ಮೇಲೂ ಊರವರ ಮಾತು ನಿಲ್ಲಲಿಲ್ಲ ಎಂಬುದು ನಮಗೆ ಗೊತ್ತಿರುವ ಕತೆಯೇ ಅಲ್ಲವೇ? ಒಂದು ಸಲ ಸಾಬೀತು ಕೊಟ್ಟವಳು ಮರುದಿನ ಮತ್ತೊಂದನ್ನು ಕೊಡಬೇಕಾಗುತ್ತದೆ. ಹಾಲಿನವನನ್ನು ಬಿಡಿಸಿದರೆ ಪತ್ರಿಕೆಯವನು, ಅವನನ್ನೂ ಬಿಡಿಸಿದರೆ ಅವಳ ಸ್ವಂತ ಭಾವ. ಕೊನೆಗೆ ಅವಳು ಯಾರೊಡನೆಯೂ ಮಾತಾಡದೆ, ಎಲ್ಲಿಗೂ ಹೋಗದೆ, ರೋಗಿಗಿಂತ ಹೆಚ್ಚು ಬಂಧಿಯಾಗುತ್ತಾಳೆ.

ಗಂಡನಿಗೆ ಕಾಯಿಲೆಯಾದ ಮನೆಯನ್ನೇ ಈವರೆಗೆ ಮುಂದಿಟ್ಟುಕೊಂಡೆ. ಗಂಡಸರಲ್ಲಿ ಪಾರ್ಕಿನ್ಸನ್ ಹೆಚ್ಚು ಎಂಬುದು ಅದಕ್ಕೊಂದು ಕಾರಣ. ಆದರೆ ಹೆಂಗಸರಿಗೂ ಈ ಭ್ರಮೆ ಬರುತ್ತದೆ, ಆಗ ಅದು ಪತ್ತೆಯಾಗುವುದು ಇನ್ನೂ ತಡ. ಹೆಂಡತಿ ಗಂಡನ ಮೇಲೆ ಅನುಮಾನಪಟ್ಟರೆ ಅದು ಹೆಂಗಸರ ಸಹಜ ಗುಣವೆಂದು ನಕ್ಕು ಮುಂದೆ ಹೋಗುವ ರೂಢಿ ನಮ್ಮದು. ಆ ನಗುವಿನ ಹಿಂದೆ ಒಬ್ಬಾಕೆ ನಿದ್ದೆಯಿಲ್ಲದೆ, ಊಟ ಬಿಟ್ಟು, ತನ್ನ ಬಾಳೇ ಮುಗಿಯಿತೆಂದು ನಂಬಿ ಕುಳಿತಿರುತ್ತಾಳೆ. ಭ್ರಮೆಯಲ್ಲಿರುವವರ ಸಂಕಟ ಭ್ರಮೆಯಲ್ಲ, ಅದು ನಿಜವಾದ ಸಂಕಟ.

ಇಷ್ಟು ಓದಿದವರಿಗೆ ನಾಲ್ಕನೆಯ ಅಭಿಪ್ರಾಯವೊಂದು ಹುಟ್ಟಬಹುದು: ಎಲ್ಲ ಆ ಇಂಗ್ಲಿಷ್ ಔಷಧಿಯದೇ ತಪ್ಪು, ನಾಳೆಯಿಂದಲೇ ನಿಲ್ಲಿಸಿಬಿಡೋಣ. ಇದನ್ನು ಮೊದಲ ಮೂರಕ್ಕಿಂತಲೂ ಬಲವಾಗಿ ನಾನು ವಿರೋಧಿಸುತ್ತೇನೆ, ಯಾಕೆಂದರೆ ಇದು ಜೀವಕ್ಕೇ ಅಪಾಯ. 1960ರ ದಶಕದಲ್ಲಿ ಲೆವೊಡೋಪಾ ಬರುವ ಮುನ್ನ ಈ ರೋಗಿಗಳು ಕೊರಡಿನಂತಾಗಿ ಮಲಗುತ್ತಿದ್ದರು. ಅವರನ್ನು ಎಬ್ಬಿಸಿ ನಡೆಸಿದ್ದು ಆ ಔಷಧಿ. ಅದನ್ನು ಥಟ್ಟನೆ ನಿಲ್ಲಿಸಿದರೆ ಮೈ ಬಿಗಿದುಕೊಂಡು, ವಿಪರೀತ ಜ್ವರವೇರಿ, ಪ್ರಜ್ಞೆ ತಪ್ಪಿ ಸಾಯುವ ಸಂಭವವೂ ಇದೆ. ಅಗೊನಿಸ್ಟ್ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಕೆಲವರಲ್ಲಿ ತೀವ್ರ ಆತಂಕ, ಖಿನ್ನತೆ, ಬೆವರು, ಮೈನೋವು ಕಾಣಿಸಿಕೊಳ್ಳುತ್ತದೆ. ಬಲ್ಲ ವೈದ್ಯರು ಈ ಚಿಕಿತ್ಸೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡುತ್ತಾರೆ. ಮೊದಲು ಮೂತ್ರದ ಸೋಂಕೋ ನೀರಿನಂಶದ ಕೊರತೆಯೋ ಇದೆಯೇ ಎಂದು ನೋಡುತ್ತಾರೆ. ವಯಸ್ಸಾದವರಲ್ಲಿ ಅಷ್ಟರಿಂದಲೇ ತಲೆ ಕದಡಬಹುದು. ಬಳಿಕ ನಡುಕಕ್ಕೆಂದು ಕೊಟ್ಟಿದ್ದ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆ, ಅಮಾಂಟಡೀನ್, ಆಮೇಲೆ ಅಗೊನಿಸ್ಟ್‌ಗಳನ್ನು ತಗ್ಗಿಸುತ್ತಾರೆ. ಲೆವೊಡೋಪಾದ ಸರದಿ ಕೊನೆಯದು. ಹಾಗೆ ತಗ್ಗಿಸಿದಾಗ ನಡಿಗೆ ಸ್ವಲ್ಪ ಕುಂದಬಹುದು. ಎಷ್ಟು ನಡಿಗೆಗೆ ಎಷ್ಟು ನೆಮ್ಮದಿ ಎಂಬುದನ್ನು ರೋಗಿ, ಮನೆಯವರು, ವೈದ್ಯರು ಕೂತು ತೀರ್ಮಾನಿಸಬೇಕಾಗುತ್ತದೆ. ಅಷ್ಟಕ್ಕೂ ಎಲ್ಲ ಸಂಶಯವೂ ಔಷಧಿಯಿಂದಲೇ ಬಂದದ್ದಲ್ಲ. ಕಾಯಿಲೆ ಮಿದುಳಿನ ಬೇರೆ ಭಾಗಗಳಿಗೆ ಹಬ್ಬಿದಾಗಲೂ ಬರುತ್ತದೆ.

ಅದಕ್ಕೂ ಚಿಕಿತ್ಸೆಯಿದೆ, ಆದರೆ ಇಲ್ಲೊಂದು ಎಚ್ಚರ ಬೇಕು. ಸಂಶಯ, ಗಲಾಟೆ ಎಂದು ಹತ್ತಿರದ ಯಾವುದೋ ಕ್ಲಿನಿಕ್ಕಿಗೆ ಕರೆದೊಯ್ದರೆ, ಪಾರ್ಕಿನ್ಸನ್ ಇರುವ ವಿಷಯ ಸರಿಯಾಗಿ ತಿಳಿಯದೆ ಹಾಲೊಪೆರಿಡಾಲ್ ಚುಚ್ಚುವುದುಂಟು. ಡೋಪಮೈನ್‌ಗೆ ತಡೆಹಾಕುವ ಆ ಔಷಧಿಯಿಂದ ರೋಗಿ ಮರುದಿನ ಹಾಸಿಗೆಯಿಂದ ಏಳಲಾರದಂತಾಗುತ್ತಾನೆ. ರಿಸ್ಪೆರಿಡೋನ್, ಒಲಾಂಜಪಿನ್ ಕೂಡ ಈ ಕಾಯಿಲೆಗೆ ಹೊಂದುವುದಿಲ್ಲ. ಕ್ವಿಟಿಯಪಿನ್, ಕ್ಲೋಜಪಿನ್ ಹೊಂದುತ್ತವೆ. 1999ರಲ್ಲಿ ಪ್ರಕಟವಾದ 60 ರೋಗಿಗಳ ಪ್ರಯೋಗದಲ್ಲಿ ಅತಿ ಕಡಿಮೆ ಪ್ರಮಾಣದ ಕ್ಲೋಜಪಿನ್, ನಡುಕವನ್ನು ಹೆಚ್ಚಿಸದೆಯೇ ಭ್ರಮೆಯನ್ನು ಇಳಿಸಿತ್ತು. ಅಲ್ಲಿ ಆರಂಭದ ಪ್ರಮಾಣ ದಿನಕ್ಕೆ 6.25 ಮಿಲಿಗ್ರಾಂ, ಮೇಲ್ಮಿತಿ 50. ಅದಕ್ಕೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಅದೊಂದು ತಾಪತ್ರಯ ನಿಜ. ಮನೆಯವರು ಮರೆಯುವ ಇನ್ನೊಂದು ಸಂಗತಿ ನಸುಗುನ್ನಿ. ಕಂಪವಾತಕ್ಕೆ ಆಯುರ್ವೇದದಲ್ಲಿ ಬಳಸುವ ಈ ಬೀಜದಲ್ಲಿ ಲೆವೊಡೋಪಾ ಸಹಜವಾಗಿಯೇ ಇದೆ. 1937ರಲ್ಲಿ ಭಾರತೀಯ ವಿಜ್ಞಾನಿಗಳೇ ಅದನ್ನು ಬೇರ್ಪಡಿಸಿ ತೋರಿಸಿದರು. ಡಾಕ್ಟರು ಕೊಟ್ಟ ಮಾತ್ರೆಯ ಜೊತೆಗೆ ನಸುಗುನ್ನಿ ಚೂರ್ಣವನ್ನೂ ಕೊಡುತ್ತಿದ್ದರೆ ಪ್ರಮಾಣ ಲೆಕ್ಕ ಮೀರುತ್ತದೆ. ಅದನ್ನು ವೈದ್ಯರಿಂದ ಮುಚ್ಚಿಡಬಾರದು.

ವೈದ್ಯರ ಮೇಲೂ ನನ್ನ ಆಕ್ಷೇಪವಿದೆ. ಪಾರ್ಕಿನ್ಸನ್ ರೋಗಿಯನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ, 2008ರಲ್ಲಿ ಪರಿಷ್ಕೃತವಾದ ಪ್ರಶ್ನಾವಳಿಯ ಎರಡನೆಯ ಪ್ರಶ್ನೆಯೇ ಇಲ್ಲದ್ದು ಕಾಣುವುದು ಮತ್ತು ಭ್ರಮೆಗಳನ್ನು ಕುರಿತದ್ದು. ಚಲನೆಯ ಪರೀಕ್ಷೆ ಬರುವುದು ಅದಾದ ಎಷ್ಟೋ ಮೇಲೆ. ಆದರೆ ನಮ್ಮ ಒಪಿಡಿಯ ನೂಕುನುಗ್ಗಲಿನಲ್ಲಿ ಕೈ ಚಾಚಿಸಿ, ಬೆರಳು ಬಡಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಚೀಟಿ ಬರೆಯುವುದೇ ಹೆಚ್ಚು. ‘ಮತ್ತೇನಾದರೂ ತೊಂದರೆ?’ ಎಂದು ಕೇಳಿದರೂ, ಗಂಡನ ಪಕ್ಕದಲ್ಲೇ ಕುಳಿತ ಹೆಂಗಸು ‘ಇವರು ನನ್ನ ನಡತೆಯ ಮೇಲೆ ಅನುಮಾನಪಡುತ್ತಾರೆ ಡಾಕ್ಟ್ರೇ’ ಎಂದು ಹೇಗೆ ಹೇಳಿಯಾಳು? ಅಗೊನಿಸ್ಟ್ ಬರೆಯುವ ದಿನವೇ ‘ಈ ಮಾತ್ರೆಯಿಂದ ಜೂಜು, ಅತಿಯಾಸೆ, ಸಂಶಯ ಬರಬಹುದು, ಬಂದರೆ ನಾಚಿಕೊಳ್ಳದೆ ತಿಳಿಸಿ’ ಎಂದು ಇಬ್ಬರಿಗೂ ಹೇಳುವುದು ವೈದ್ಯರ ಕರ್ತವ್ಯ. ರೋಪಿನಿರೋಲ್ ಸೇವನೆಯಿಂದ ಜೂಜು ಮತ್ತು ಅತಿಕಾಮದ ಚಟಕ್ಕೆ ಬಿದ್ದ ಒಬ್ಬ ರೋಗಿಗೆ ಔಷಧ ಕಂಪನಿ ಸುಮಾರು 1,97,000 ಯೂರೊ ಪರಿಹಾರ ಕೊಡಬೇಕೆಂದು ಫ್ರಾನ್ಸಿನ ರೆನ್ ನಗರದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ತೀರ್ಪು ಕೊಟ್ಟಿತು. ಅಲ್ಲಿ ಹಾಗಾದರೆ ಇಲ್ಲಿ ಎರಡು ನಿಮಿಷದ ಎಚ್ಚರಿಕೆಯ ಮಾತನ್ನು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಒಂದು ಗಟ್ಟಿಯಾದ ಪ್ರತಿವಾದವಿದೆ. ಎಲ್ಲವನ್ನೂ ಕಾಯಿಲೆ ಎಂದುಬಿಟ್ಟರೆ ಹೊಡೆದ ಗಂಡನಿಗೆ ರಿಯಾಯಿತಿ ಕೊಟ್ಟಂತಾಗುವುದಿಲ್ಲವೇ ಎಂದು ಮಹಿಳಾ ಸಂಘಟನೆಯವರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನಮ್ಮಲ್ಲಿ ಹೆಂಡತಿಯ ಮೇಲಿನ ಅನುಮಾನಕ್ಕೆ ಕೊಲೆಗಳಾದ ಸುದ್ದಿ ಆಗಾಗ ಓದುತ್ತಲೇ ಇರುತ್ತೇವೆ. ಹಾಗೆ ಕೊಂದವರಲ್ಲಿ ಬಹುಪಾಲು ಗಂಡಸರಿಗೆ ಯಾವ ನರರೋಗವೂ ಇರಲಿಕ್ಕಿಲ್ಲ. ರೋಗಲಕ್ಷಣ ಎಂದರೆ ‘ಸಹಿಸಿಕೋ’ ಎಂದರ್ಥವಲ್ಲ. ನಡುಗುವ ಕೈಗಳಿಗೂ ಕತ್ತಿ ಹಿಡಿಯುವಷ್ಟು ಶಕ್ತಿ ಇರುತ್ತದೆ, ಅದರಲ್ಲೂ ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ. ಮಚ್ಚು, ಕುಡುಗೋಲು ಕೈಗೆ ಸಿಗದಂತಿಡುವುದು, ಬೆದರಿಕೆ ಬಂದ ದಿನ ಅವಳು ಮಗಳ ಮನೆಗೋ ತಂಗಿಯ ಮನೆಗೋ ಹೋಗಿರುವುದು, ಒಬ್ಬ ಗಂಡಾಳು ಅಥವಾ ಮಗ ರಾತ್ರಿ ಜೊತೆಯಲ್ಲಿರುವುದು, ಇದೆಲ್ಲ ಚಿಕಿತ್ಸೆಗಿಂತ ಮೊದಲಿನ ಕೆಲಸ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2005ರ ಕಾಯ್ದೆ ರೋಗಿಯ ಹೆಂಡತಿಗೂ ಅನ್ವಯಿಸುತ್ತದೆ. ಕಾಯಿಲೆ ಎಂದು ಗುರುತಿಸುವುದರಿಂದ ಅವಳಿಗೇ ಹೆಚ್ಚಿನ ಲಾಭ: ತಾನು ನಿರ್ದೋಷಿಯೆಂದು ಸಾಬೀತುಪಡಿಸುವ ಹೊರೆ ಆ ಕ್ಷಣಕ್ಕೆ ಅವಳ ತಲೆಯಿಂದ ಇಳಿಯುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್ ಕಾಯಿಲೆಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿದೆ. ಸರ್ಕಾರ ಗುರುತಿಸಿದ ಈ ಕಾಯಿಲೆಯನ್ನು ಮನೆಯವರು ಅದರ ಪೂರ್ತಿ ರೂಪದಲ್ಲಿ ಗುರುತಿಸುವುದು ಬಾಕಿಯಿದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಾತು ಕೇಳಿಬಂದರೆ ವಾದಕ್ಕಿಳಿಯಬೇಡಿ, ಹೌದೆಂದೂ ಒಪ್ಪಬೇಡಿ, ಆಣೆ ಮಾಡಿಸಬೇಡಿ. ಮಾತು ಯಾವಾಗ ಶುರುವಾಯಿತು, ಅದಕ್ಕೆ ಸ್ವಲ್ಪ ಮುಂಚೆ ಯಾವ ಮಾತ್ರೆ ಹೊಸದಾಗಿ ಸೇರಿತು ಅಥವಾ ಹೆಚ್ಚಾಯಿತು, ಚೂರ್ಣ ಕಷಾಯ ಏನೇನು ನಡೆಯುತ್ತಿದೆ, ಯಾರೋ ಕಂಡಂತಾಗುವುದುಂಟೇ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ರೋಗಿ ಒಳಗೆ ಹೋಗುವ ಮೊದಲೇ ಆ ಹಾಳೆ ನರರೋಗ ತಜ್ಞರ ಮೇಜು ಸೇರಲಿ. ತಜ್ಞರು ದೂರವಿದ್ದರೆ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.